ಏಳನೇ ಪುಟದ ಅಜ್ಜ

ಪ್ರಿಯರೇ, ನಮಸ್ಕಾರ.

ನಿಮ್ಮ ‘ತತ್ವಕ್ಕೊಂದು ಮತ’ ಲೇಖನ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾಯಿತು, ಕ್ಷಮೆ ಇರಲಿ. ನಿಜ ಹೇಳಬೇಕೆಂದರೆ ಮೊದಲ ಓದಿಗೇ ‘ವಿಷಾದದಿಂದ ಮರಳಿಸಿದೆ’ ಎಂಬ ಅಚ್ಚಿನ ಚೀಟಿ ಸಿಕ್ಕಿಸಿ ಕಳಿಸುವವನಿದ್ದೆ. ಏಳನೇ ಪುಟದ ನಾಲ್ಕು ಸಾಲು ತಡೆದವು. ಈ ಪತ್ರ ಬರೆಯುತ್ತಿರುವುದೇ ಆ ಸಾಲುಗಳ ಸಲುವಾಗಿ. ಅದಕ್ಕೆ ಮೊದಲು ಉಳಿದ ಹತ್ತು ಪುಟಗಳ ಲೆಕ್ಕ ಮುಗಿಸಿಬಿಡೋಣ.

ನೀವು ಹೇಳಹೊರಟದ್ದು ಇಷ್ಟು. 2024ರ ಏಪ್ರಿಲ್ 26ರಂದು ಬೆಂಗಳೂರಿನ ಒಂದು ಮತಗಟ್ಟೆಯಲ್ಲಿ ಸಾಲು ನಿಂತಿರಿ. ಒಬ್ಬ ಅಭ್ಯರ್ಥಿಯ ಮೇಲೆ ಕೇಸುಗಳಿದ್ದವು, ಇನ್ನೊಬ್ಬರು ಪಕ್ಷ ಬದಲಿಸಿ ಬಂದವರು, ಮೂರನೆಯವರ ಹೆಸರನ್ನೇ ನೀವು ಕೇಳಿರಲಿಲ್ಲ. ಇದ್ದುದರಲ್ಲಿ ವಾಸಿ ಎಂದು ಯಾರಿಗೋ ಒತ್ತುವುದೂ ಕೆಟ್ಟದ್ದಕ್ಕೆ ಹೆಗಲು ಕೊಟ್ಟಂತೆಯೇ ಅನ್ನಿಸಿ ನೋಟಾ, ಅಂದರೆ ‘ಮೇಲಿನ ಯಾರೂ ಅಲ್ಲ’ ಎಂಬ ಗುಂಡಿ, ಒತ್ತಿ ಬಂದಿರಿ. ರಾಜಿ ಮಾಡಿಕೊಂಡು ಮತ ಹಾಕುವ ಜನರಿಂದಲೇ ದೇಶ ಹೀಗಾಗಿದೆ ಎನ್ನುವುದು ನಿಮ್ಮ ತೀರ್ಮಾನ.

ಹೀಗೊಂದು ನಿಲುವಿಗೆ ಬರಲು ನಿಮಗೆ ಪೂರ್ತಿ ಹಕ್ಕಿದೆ. ನನ್ನ ತಕರಾರು ಬರವಣಿಗೆಯ ಮೇಲೆ. ‘ಪ್ರಜೆಗಳಿಂದ, ಪ್ರಜೆಗಳಿಗಾಗಿ’ ಎಂದು ಲಿಂಕನ್ನರನ್ನು ಕರೆತಂದು ಶುರು ಮಾಡಿದ್ದೀರಿ. ಹೈಸ್ಕೂಲಿನ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿದವರೆಲ್ಲ ಅವರನ್ನು ಕರೆದು ಕರೆದು ಸುಸ್ತು ಮಾಡಿದ್ದಾರೆ, ಇನ್ನಾದರೂ ಬಿಟ್ಟುಬಿಡಿ. ‘ಎಂದರೆ ಅತಿಶಯೋಕ್ತಿಯಾಗಲಾರದು’ ಆರು ಕಡೆ ಇದೆ. ಅತಿಶಯೋಕ್ತಿ ಆಗದಿದ್ದರೆ ಹಾಗೆಂದು ಹೇಳುವ ಅಗತ್ಯವೂ ಇಲ್ಲ. ‘ತತ್ವ’ ಎಂಬ ಮಾತನ್ನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ, 41 ಸಲ ಸಿಕ್ಕಿತು. ಅದು ಯಾವ ತತ್ವ ಅನ್ನುವುದು ಮಾತ್ರ ಎಲ್ಲೂ ಸಿಗಲಿಲ್ಲ. ಭ್ರಷ್ಟಾಚಾರ ಕೂಡದು ಎಂಬುದೇ? ಕೋಮುದ್ವೇಷ ಕೂಡದು ಎಂಬುದೇ? ಪಕ್ಷಾಂತರ ಕೂಡದು ಎಂಬುದೇ? ಈ ಮೂರೂ ಒಂದೇ ಅಭ್ಯರ್ಥಿಯಲ್ಲಿ ಕೂಡಿಬರುವುದು ಕಷ್ಟ. ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಪ್ರಾಣ ಹೋದರೂ ಬಿಡುವುದಿಲ್ಲ ಎಂದು ಹೇಳಿದ್ದರೆ ನಿಮ್ಮ ಮುಖ ಕಾಣುತ್ತಿತ್ತು.

ಇನ್ನು ‘ಕೇಸುಗಳಿದ್ದವು’ ಅಂದಿರಿ. ಏನು ಕೇಸು? ನಾಮಪತ್ರದ ಜೊತೆ ಅಭ್ಯರ್ಥಿ ಫಾರಂ 26ರಲ್ಲಿ ಪ್ರಮಾಣಪತ್ರ ಕೊಡಲೇಬೇಕು. ಅದರಲ್ಲಿ ಬಾಕಿ ಇರುವ ಮೊಕದ್ದಮೆಗಳ ವಿವರ, ಕಾನೂನಿನ ಕಲಮು ಎಲ್ಲ ಇರುತ್ತದೆ. ಚುನಾವಣಾ ಆಯೋಗ ಅದನ್ನು ಸಾರ್ವಜನಿಕವಾಗಿ ಇಡುತ್ತದೆ, ಮನೆಯಲ್ಲೇ ಕೂತು ಓದಬಹುದು. ಕುಡಿಯುವ ನೀರಿಗಾಗಿ ರಸ್ತೆ ತಡೆ ಮಾಡಿದವನ ಮೇಲೂ ಕೇಸಿರುತ್ತದೆ, ಸುಳ್ಳು ದಾಖಲೆ ಸೃಷ್ಟಿಸಿ ನಿವೇಶನ ನುಂಗಿದವನ ಮೇಲೂ ಇರುತ್ತದೆ. ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬಿದಿರಿ. ಹೆಸರು ಕೇಳಿರದ ಆ ಮೂರನೆಯ ಅಭ್ಯರ್ಥಿಯ ಬಗ್ಗೆ ತಿಳಿಯಲು ಏನಾದರೂ ಮಾಡಿದಿರಾ? ಲೇಖನದಲ್ಲಿ ಅದರ ಸುಳಿವಿಲ್ಲ. ತತ್ವನಿಷ್ಠನಾದವನು ಹತ್ತು ನಿಮಿಷದ ಓದನ್ನೂ ಮಾಡಿಲ್ಲ ಎಂದು ಓದುಗನಿಗೆ ಅನ್ನಿಸಿದರೆ ಆಮೇಲಿನ ಪುಟಗಳನ್ನು ಯಾರು ನಂಬುತ್ತಾರೆ?

ಐದನೇ ಪುಟದಲ್ಲಿ ಒಂದು ತಪ್ಪಿದೆ, ಅದನ್ನು ಹಾಗೇ ಬಿಟ್ಟರೆ ನನ್ನ ಮರ್ಯಾದೆಯೂ ಹೋಗುತ್ತದೆ. ನೋಟಾಗೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೆ ಮರುಚುನಾವಣೆ ನಡೆಯುತ್ತದೆ ಎಂದು ಬರೆದಿದ್ದೀರಿ. ಲೋಕಸಭೆ, ವಿಧಾನಸಭೆಗಳಿಗೆ ಆ ನಿಯಮವಿಲ್ಲ. ಅಭ್ಯರ್ಥಿಗಳಲ್ಲಿ ಯಾರಿಗೆ ಹೆಚ್ಚು ಮತವೋ ಅವರು ಗೆದ್ದಂತೆ, ನೋಟಾ ಅವರನ್ನು ಮೀರಿಸಿದ್ದರೂ ಸರಿಯೇ. ಸುಪ್ರೀಂ ಕೋರ್ಟಿನ 2013ರ ಸೆಪ್ಟೆಂಬರ್ 27ರ ತೀರ್ಪು ಕೊಟ್ಟದ್ದು ಮುಖ್ಯವಾಗಿ ಗೋಪ್ಯತೆಯನ್ನು. ಅದಕ್ಕೂ ಮೊದಲು ಯಾರಿಗೂ ಮತ ಬೇಡವೆಂದರೆ 49-ಒ ನಿಯಮದಡಿ ಮತಗಟ್ಟೆ ಅಧಿಕಾರಿಯ ಮುಂದೆ ರಿಜಿಸ್ಟರಿನಲ್ಲಿ ಬರೆಸಿ ಸಹಿ ಹಾಕಬೇಕಿತ್ತು. ಏಜೆಂಟರೆಲ್ಲ ಮುಖ ನೋಡುತ್ತಿದ್ದರು. ಈಗ ಗುಂಡಿ ಒತ್ತಿದರೆ ಯಾರಿಗೂ ಗೊತ್ತಾಗುವುದಿಲ್ಲ. 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ಹಿಂದಕ್ಕೆ ಪಡೆದ ಮೇಲೆ ನೋಟಾಗೆ 2 ಲಕ್ಷಕ್ಕೂ ಹೆಚ್ಚು ಮತ ಬಂತು, ಗೆದ್ದ ಬಿಜೆಪಿ ಅಭ್ಯರ್ಥಿಯ ಅಂತರ 11 ಲಕ್ಷ ದಾಟಿತು. ಆ 2 ಲಕ್ಷ ಜನ ಏನೋ ಹೇಳಿದರು, ಅದನ್ನು ಅಲ್ಲಗಳೆಯಲಾರೆ. ಹೇಳಿದ್ದು ಯಾರ ಕಿವಿಗೆ ಬಿತ್ತು ಎಂದು ನೀವು ಕೇಳಿಕೊಂಡಿದ್ದರೆ ಲೇಖನ ಅಲ್ಲಿಂದ ಎದ್ದು ನಡೆಯುತ್ತಿತ್ತು.

ಈಗ ಏಳನೇ ಪುಟ. ನಿಮ್ಮ ಸಾಲುಗಳನ್ನೇ ಇಲ್ಲಿ ಇಳಿಸುತ್ತೇನೆ:

‘ನನ್ನ ಅಜ್ಜ ಮೂಡಿಗೆರೆ ಕಡೆಯ ಗೇಣಿ ಒಕ್ಕಲು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಗೆ ಮತ ಹಾಕಿದರಂತೆ. ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡು ಬಂದಿದ್ದ ಅಜ್ಜಿಯ ತಮ್ಮ ಆಮೇಲೆ ಎರಡು ವರ್ಷ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲವಂತೆ. ರಾಜಿ ಎಂಬ ರೋಗಕ್ಕೆ ನಮ್ಮ ಮನೆಯಲ್ಲೇ ಇತಿಹಾಸವಿದೆ.’

ಅಷ್ಟೇ. ಮುಂದಿನ ಸಾಲಿನಿಂದ ಮತ್ತೆ ತತ್ವ. ಅಲ್ಲಾ, ಇಷ್ಟು ದೊಡ್ಡ ಕಥೆಯನ್ನು ಅಂಗಳದಲ್ಲಿ ನಿಲ್ಲಿಸಿ ಬಾಗಿಲು ಹಾಕಿಕೊಂಡಿರಲ್ಲ! ನಾಲ್ಕನೆಯ ಸಾಲಿನಲ್ಲಿ ಅಜ್ಜನಿಗೆ ರೋಗಿಯ ಪಟ್ಟ ಬೇರೆ ಕಟ್ಟಿದ್ದೀರಿ.

ಆ ಚುನಾವಣೆ ಏನು ಎಂಬುದು ನಿಮ್ಮ ವಯಸ್ಸಿನ ಓದುಗರಿಗೆ ಗೊತ್ತಿರಲಾರದು, ನೀವೂ ಹೇಳಿಲ್ಲ. 1977ರಲ್ಲಿ ರಾಯ್ ಬರೇಲಿಯಲ್ಲಿ ಸೋತಿದ್ದ ಇಂದಿರಾ ಅವರಿಗೆ ಲೋಕಸಭೆಗೆ ಮರಳಲು ದಾರಿ ಬೇಕಿತ್ತು. ಚಿಕ್ಕಮಗಳೂರಿನ ಸಂಸದ ಡಿ.ಬಿ. ಚಂದ್ರೇಗೌಡರು ತಮ್ಮ ಸ್ಥಾನ ಬಿಟ್ಟುಕೊಟ್ಟರು. ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು ನಿಂತರು. ಜನತಾ ಸರ್ಕಾರದ ಮಂತ್ರಿ ಜಾರ್ಜ್ ಫರ್ನಾಂಡಿಸ್ ಬಂದು ಊರೂರು ಸುತ್ತಿದರು. ಇಂದಿರಾ 1975ರಲ್ಲಿ ಹೇರಿದ್ದ ತುರ್ತು ಪರಿಸ್ಥಿತಿ ನಮ್ಮವರಿಗೆ ದೆಹಲಿಯ ಸುದ್ದಿಯಷ್ಟೇ ಆಗಿರಲಿಲ್ಲ. ಜಾರ್ಜ್ ಅವರ ತಮ್ಮ ಲಾರೆನ್ಸರಿಗೆ ಚಿತ್ರಹಿಂಸೆ ಕೊಟ್ಟದ್ದು ಬೆಂಗಳೂರಿನಲ್ಲಿ. ನಟಿ ಸ್ನೇಹಲತಾ ರೆಡ್ಡಿ ಉಬ್ಬಸದಿಂದ ನರಳಿದ್ದು ಬೆಂಗಳೂರಿನ ಜೈಲಿನಲ್ಲಿ, ಹೊರಬಂದು ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಇಷ್ಟೆಲ್ಲ ಆಗಿ ಎರಡು ವರ್ಷ ಕಳೆಯುವ ಮೊದಲೇ, 1978ರ ನವೆಂಬರಿನಲ್ಲಿ, ಚಿಕ್ಕಮಗಳೂರಿನ ಜನ ಇಂದಿರಾ ಅವರನ್ನು 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿದರು.

ಯಾಕೆ? ಅಜ್ಜ ಗೇಣಿ ಒಕ್ಕಲು ಅಂದಿರಲ್ಲ, ಉತ್ತರದ ಒಂದು ತುಂಡು ಅಲ್ಲಿದೆ. ಆಗ ಇಂದಿರಾ ಅವರ ಪಕ್ಷದಲ್ಲೇ ಇದ್ದ ಮುಖ್ಯಮಂತ್ರಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿತ್ತು. ಗೇಣಿ ಪದ್ಧತಿ ರದ್ದಾಗಿ, ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನು 7ನೇ ನಮೂನೆಯಲ್ಲಿ ಅರ್ಜಿ ಹಾಕಿದರೆ ತಾಲ್ಲೂಕಿನ ಭೂನ್ಯಾಯಮಂಡಳಿ ವಿಚಾರಿಸಿ ಅವನ ಹೆಸರಿಗೆ ಮಾಡಿಕೊಡಬೇಕಿತ್ತು. ಜನರ ಬಾಯಲ್ಲಿ ಅದು ‘ಟ್ರಿಬ್ಯುನಲ್’. ಒಡೆಯರ ಮನೆಯ ಜಗಲಿಯ ಕೆಳಗೆ ಕೈಕಟ್ಟಿ ನಿಲ್ಲುತ್ತಿದ್ದವನು ಅದೇ ಒಡೆಯರ ಎದುರಿಗೆ ನಿಂತು ‘ಈ ಗದ್ದೆ ನಾನು ಉಳ್ತಿರೋದು’ ಎಂದು ಸಾಕ್ಷಿ ಹೇಳಬೇಕಾಗಿ ಬಂತು. ನಿಮ್ಮ ಅಜ್ಜ ಹಾಗೆ ಹೇಳಿದರೇ? ಆ ದಿನ ಅವರ ಕಾಲು ನಡುಗಿತೇ? ಆಮೇಲೆ ಒಡೆಯರ ಮನೆಯ ಮದುವೆಗೆ ಕರೆ ಬಂತೇ? ನವೆಂಬರಿನಲ್ಲಿ ಓಟು ಹಾಕುವಾಗ ಪಹಣಿಯಲ್ಲಿ ಹೆಸರು ಬಂದಿತ್ತೇ, ಇಲ್ಲಾ ಅರ್ಜಿ ಇನ್ನೂ ಮಂಡಳಿಯ ಮುಂದೆ ಇತ್ತೇ? ಬಂದಿದ್ದರೆ ಅದು ಋಣದ ಮತ, ಬಂದಿರದಿದ್ದರೆ ಭಯದ ಮತ. ಈ ಒಂದು ವಿವರದ ಮೇಲೆ ಇಡೀ ಲೇಖನದ ಬಣ್ಣ ನಿಂತಿದೆ.

ಚಿಹ್ನೆಗಳ ಬಗ್ಗೆಯೂ ಕೇಳಿ. ಹಿಂದಿನ ವರ್ಷ ಕಾಂಗ್ರೆಸ್ಸಿನದು ಹಸು-ಕರು. ಪಕ್ಷ ಒಡೆದು ಇಂದಿರಾ ಅವರ ಬಣಕ್ಕೆ ಹಸ್ತ ಬಂದದ್ದು 1978ರಲ್ಲೇ. ಜನತಾ ಪಕ್ಷದ ಗುರುತು ಚಕ್ರದೊಳಗೆ ನೇಗಿಲು ಹೊತ್ತ ರೈತ. ಗದ್ದೆ ಉಳುವ ನಿಮ್ಮ ಅಜ್ಜ ನೇಗಿಲು ಹೊತ್ತವನ ಚಿತ್ರ ಬಿಟ್ಟು ಅಂಗೈಯ ಚಿತ್ರಕ್ಕೆ ಠಸ್ಸೆ ಒತ್ತಿದರು. ಕಲ್ಪನೆಯಿಂದ ಬರೆದಿದ್ದರೆ ‘ತೀರಾ ಕೃತಕ’ ಎಂದು ನಾನೇ ಹೊಡೆದು ಹಾಕುತ್ತಿದ್ದೆ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ. ಆಗ ನನಗೆ 20 ವರ್ಷ. ಕಾಲೇಜಿನ ಕೈಬರಹದ ಪತ್ರಿಕೆಯಲ್ಲಿ ಚಿಕ್ಕಮಗಳೂರಿನ ಮತದಾರರನ್ನು ಹೀನಾಮಾನ ಬೈದು ಸಂಪಾದಕೀಯ ಬರೆದಿದ್ದೆ. ಥೇಟ್ ನಿಮ್ಮ ಲೇಖನದ ಹಾಗೇ ಇತ್ತು, ‘ತತ್ವ’ 41 ಸಲ ಇದ್ದಿರಲೂಬಹುದು. ಮತದಾನಕ್ಕೆ ಆಗ 21 ತುಂಬಬೇಕಿತ್ತು, 18ಕ್ಕೆ ಇಳಿದದ್ದು ಹತ್ತು ವರ್ಷದ ಮೇಲೆ. ಅಂದರೆ ಓಟೇ ಇಲ್ಲದ, ಗೇಣಿ ಅಳೆಯುವ ಕೊಳಗವನ್ನು ಕಣ್ಣಲ್ಲೂ ಕಾಣದ ಹುಡುಗ ಗದ್ದೆಯವರಿಗೆ ಉಪದೇಶ ಮಾಡಿದ್ದ.

ಹಾಗೆಂದು ಅಜ್ಜನಿಗೆ ಹಾರ ಹಾಕಿ ಬರೆಯಿರಿ ಅನ್ನುತ್ತಿಲ್ಲ. ‘ಬಡವರ ರಾಜಿಯೇ ನಿಜವಾದ ವಿವೇಕ’ ಎಂದು ತಿರುಗಿಸಿ ಬರೆದು ಕಳಿಸಿದರೆ ಅದನ್ನೂ ವಾಪಸ್ ಕಳಿಸುತ್ತೇನೆ. ಅಜ್ಜಿಯ ತಮ್ಮನಿಗೆ ನೀವು ಒಂದೇ ಸಾಲು ಕೊಟ್ಟಿರಿ. ತತ್ವಕ್ಕಾಗಿ ಅವರು ಜೈಲುವಾಸ ತೆತ್ತರು, ಅಕ್ಕನ ಮನೆಯ ಊಟವನ್ನೂ ತೆತ್ತರು. ನೀವು ತೆತ್ತದ್ದು ಏಪ್ರಿಲಿನ ಅರ್ಧ ಗಂಟೆ ಬಿಸಿಲು. ಎರಡಕ್ಕೂ ಒಂದೇ ಪದ ಬಳಸುವಾಗ ಪೆನ್ನು ಸ್ವಲ್ಪ ತಡೆಯಬೇಕಿತ್ತು. ಅವರ ವಾದವನ್ನು ಅದರ ಪೂರ್ತಿ ಬಲದಲ್ಲಿ ಬರೆಯಿರಿ: ಗದ್ದೆ ಕೊಟ್ಟದ್ದು ಅರಸು, ಅದಕ್ಕೆ ಪ್ರತಿಯಾಗಿ ಜನರನ್ನು ವಿಚಾರಣೆಯಿಲ್ಲದೆ ಒಳಗೆ ಹಾಕಿದವರನ್ನು ಯಾಕೆ ಗೆಲ್ಲಿಸಬೇಕು? ಇದಕ್ಕೆ ಅಜ್ಜನ ಬಳಿ ಉತ್ತರ ಇತ್ತೋ ಇಲ್ಲವೋ. ಇಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ.

ಪಕ್ಕದ ಕಾಫಿ ತೋಟಗಳನ್ನೂ ಮರೆಯಬೇಡಿ. ಅದೇ ಕಾಯ್ದೆ ತೋಟಗಳಿಗೆ ಭೂಮಿತಿಯಿಂದ, ಅಂದರೆ ಒಬ್ಬರು ಇಷ್ಟೇ ಜಮೀನು ಇಟ್ಟುಕೊಳ್ಳಬೇಕೆಂಬ ಕಟ್ಟಳೆಯಿಂದ, ವಿನಾಯಿತಿ ಕೊಟ್ಟಿತ್ತು. ಗದ್ದೆಯ ಒಕ್ಕಲಿಗೆ ಸಿಕ್ಕ ನೆಲ ತೋಟದ ಲೈನ್ ಮನೆಯಲ್ಲಿದ್ದ ಕೂಲಿಯವರಿಗೆ ಸಿಗಲಿಲ್ಲ. ಅವರೂ ಅದೇ ಮತಗಟ್ಟೆಯಲ್ಲಿ ಸಾಲು ನಿಂತಿದ್ದವರು, ಅವರನ್ನು ಬಿಟ್ಟು ನೆಲ ಮತ್ತು ಮತದ ಲೆಕ್ಕ ಹಾಕಿದರೆ ಅರ್ಧ ಲೆಕ್ಕವಾದೀತು.

ಇನ್ನು ಫಲಿತಾಂಶದ ನಂತರದ ಸಂಗತಿ. ‘ಅಲ್ಲಿ ಗೆದ್ದ ಇಂದಿರಾ ಮತ್ತೆ ಪ್ರಧಾನಿಯಾದರು’ ಎಂದು ಒಂದೇ ಉಸಿರಿಗೆ ಬರೆದಿದ್ದೀರಿ. ನಡುವೆ ನಡೆದದ್ದೇ ಸ್ವಾರಸ್ಯ. 1978ರ ಡಿಸೆಂಬರ್ 19ಕ್ಕೆ ಲೋಕಸಭೆ ಹಕ್ಕುಚ್ಯುತಿಯ ಕಾರಣಕ್ಕೆ ಅವರನ್ನು ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸಿತು. ಅಜ್ಜನ ಮತ ಎರಡು ತಿಂಗಳೂ ಬಾಳಲಿಲ್ಲ. 1980ರಲ್ಲಿ ಅವರು ನಿಂತದ್ದು ರಾಯ್ ಬರೇಲಿ ಮತ್ತು ಮೇದಕ್‌ನಲ್ಲಿ, ಚಿಕ್ಕಮಗಳೂರಿಗೆ ಮರಳಲಿಲ್ಲ. ನೀವು ‘ತತ್ವದ ಅಭ್ಯರ್ಥಿ’ ಎಂದು ಕರೆದ ವೀರೇಂದ್ರ ಪಾಟೀಲರು ಮುಂದೆ ಇಂದಿರಾ ಕಾಂಗ್ರೆಸ್ಸಿಗೇ ಸೇರಿ, ಅವರ ಸಂಪುಟದಲ್ಲೇ ಮಂತ್ರಿಯಾದರು, 1989ರಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿಯಾದರು. 1978ರಲ್ಲಿ ಅವರಿಗೆ ಮತ ಹಾಕಿದ್ದ ಅಜ್ಜಿಯ ತಮ್ಮನಿಗೆ ಆಗ ಏನನ್ನಿಸಿರಬೇಡ?

ಇದೆಲ್ಲಕ್ಕಿಂತ ನನ್ನನ್ನು ಕಾಡುವ ಪ್ರಶ್ನೆ ಬೇರೆ. 1979ರಲ್ಲಿ ಅರಸು ಮತ್ತು ಇಂದಿರಾ ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ನೆಲ ಕೊಟ್ಟ ಅರಸು ಒಂದು ಕಡೆ, ಹಸ್ತ ಇನ್ನೊಂದು ಕಡೆ. ಕರ್ನಾಟಕದ 28ರಲ್ಲಿ 27 ಸ್ಥಾನ ಹಸ್ತಕ್ಕೆ ಹೋಯಿತು, ಅರಸರ ಪಕ್ಷಕ್ಕೆ ಒಂದೂ ಬರಲಿಲ್ಲ. ಹಾಗಾದರೆ 1978ರ ಮತ ಗದ್ದೆಯ ಋಣಕ್ಕೆ ಬಿದ್ದದ್ದು ಎಂಬ ನನ್ನ ವಿವರಣೆ ಎಲ್ಲಿ ನಿಲ್ಲುತ್ತದೆ? ನಿಮ್ಮ ಅಜ್ಜ 1980ರಲ್ಲಿ ಯಾರಿಗೆ ಹಾಕಿದರು? ಅವರ ಉತ್ತರ ನಿಮ್ಮ ವಾದವನ್ನೂ ಕೆಡವಬಹುದು, ಎರಡು ಪುಟದಿಂದ ನಾನು ಕಟ್ಟುತ್ತಾ ಬಂದ ವಾದವನ್ನೂ ಕೆಡವಬಹುದು. ಕೆಡವಲಿ. ಅದನ್ನು ತಿಳಿಯುವವರೆಗೆ ಮತ್ತೆ ಬರೆಯಲು ಕೂರಬೇಡಿ.

ಅಜ್ಜ ಇಲ್ಲ, ಅಜ್ಜಿ ಇದ್ದಾರೆ ಎಂದು ಕವರಿನ ಜೊತೆಗಿಟ್ಟ ಚೀಟಿಯಲ್ಲಿ ಬರೆದಿದ್ದೀರಿ. ಹಾಗಿದ್ದರೆ ಊರಿಗೆ ಹೋಗಿ ಬನ್ನಿ. ‘ರಾಜಿ’, ‘ತತ್ವ’ ಎಂಬ ಪದಗಳನ್ನು ಅವರ ಮುಂದೆ ಎತ್ತಬೇಡಿ. ಆ ದಿನ ಯಾರ ಜೊತೆ ನಡೆದು ಹೋದಿರಿ, ಜೀಪು ಕಳಿಸಿದ್ದರೇ, ಒಡೆಯರ ಮನೆಯವರು ಸಾಲಿನಲ್ಲಿ ಎಲ್ಲಿ ನಿಂತಿದ್ದರು ಎಂದು ಕೇಳಿ. ಮುಖ್ಯವಾಗಿ, ಗಂಡ ಒಂದು ಕಡೆ, ತಮ್ಮ ಒಂದು ಕಡೆ ಇದ್ದಾಗ ಅಜ್ಜಿ ಯಾರಿಗೆ ಒತ್ತಿದರು ಎಂದು ಕೇಳಿ. ನಾಲ್ಕು ಸಾಲಿನಲ್ಲಿ ನೀವು ಆಕೆಗೂ ಒಂದು ಮತ ಇತ್ತು ಎಂಬುದನ್ನೇ ಮರೆತಿದ್ದೀರಿ. ಹೇಳದೆ ನಕ್ಕು ಸುಮ್ಮನಾದರೆ ಆ ನಗುವನ್ನೇ ಬರೆಯಿರಿ.

ಅವರ ಮಾತನ್ನು ಅವರ ಬಾಯಲ್ಲಿ ಬಂದ ಹಾಗೇ ಇಡಿ. ಎಂಟನೇ ಪುಟದಲ್ಲಿ ಅಜ್ಜ ‘ಭೂಮಿಯನ್ನು ದಯಪಾಲಿಸಿದವರಿಗೆ ಮತವನ್ನು ನೀಡಿದೆನು’ ಅನ್ನುತ್ತಾರೆ. ಮೂಡಿಗೆರೆಯ ಗದ್ದೆ ಬದುವಿನ ಮೇಲೆ ಹೀಗೆ ಮಾತಾಡಿದವರನ್ನು ನಾನಂತೂ ಕಂಡಿಲ್ಲ. ‘ಗದ್ದೆ ಕೊಟ್ಟೋರಿಗೆ ಹಾಕ್ದೆ ಕಣೋ’ ಅಂದಿರಬೇಕು.

ದೀಪಾವಳಿ ವಿಶೇಷಾಂಕದಲ್ಲಿ ಆರು ಪುಟ ಕೊಡಬಲ್ಲೆ, ಅದಕ್ಕಿಂತ ಹೆಚ್ಚಿಲ್ಲ. ನಿಮ್ಮ ನೋಟಾ ಕಥೆಗೆ ಅದರಲ್ಲಿ ಅರ್ಧ ಪುಟ ಮೀರದಿರಲಿ, ಬೇಕಾದರೆ ಕೊನೆಗಿಡಿ. ತಲೆಬರಹ ಬದಲಿಸಿ. ಹಸ್ತಪ್ರತಿಯನ್ನು ಪೆನ್ಸಿಲ್ ಗುರುತುಗಳ ಸಮೇತ ಈ ಪತ್ರದ ಜೊತೆ ಮರಳಿಸಿದ್ದೇನೆ. ಎಣಿಸಿದರೆ ಹತ್ತೇ ಪುಟ ಸಿಗುತ್ತವೆ. ಏಳನೆಯದನ್ನು ನಾನೇ ಇಟ್ಟುಕೊಂಡಿದ್ದೇನೆ.

ವಿಶ್ವಾಸದಿಂದ,
ಸಂಪಾದಕ