ಮನೆಮಂದಿಯ ಸವಾರಿಗೆ ಯಾವ ಸೈಕಲ್? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನನ್ನ ಎತ್ತರ 5 ಅಡಿ 8 ಇಂಚು, ನನ್ನ ಮನೆಯವರದು 5 ಅಡಿ 1 ಇಂಚು. ಭಾನುವಾರ ಬೆಳಿಗ್ಗೆ ಎಂಟು-ಹತ್ತು ಕಿಲೋಮೀಟರ್ ಆರಾಮಾಗಿ ಸುತ್ತಿ ಬರಬೇಕೆಂಬ ಆಸೆ. ಅಂಗಡಿಯವರು ಇಬ್ಬರಿಗೂ 26 ಇಂಚಿನ, 21 ಗೇರಿನ, ಮುಂದೆ ಹಿಂದೆ ಶಾಕ್ ಅಬ್ಸಾರ್ಬರ್ ಮತ್ತು ಡಿಸ್ಕ್ ಬ್ರೇಕ್ ಇರುವ ಒಂದೇ ಮಾದರಿ ತೋರಿಸಿದರು. ಪಕ್ಕದಲ್ಲಿ ಶಾಕ್ ಇಲ್ಲದ ಒಂದು ಹೈಬ್ರಿಡ್ ಸೈಕಲ್ಲೂ ಇತ್ತು, ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಯಾವುದು ತೆಗೆದುಕೊಳ್ಳಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಹೈಬ್ರಿಡ್ (ರಸ್ತೆ ಸೈಕಲ್ ಮತ್ತು ಮೌಂಟನ್ ಸೈಕಲ್ ಎರಡರ ಗುಣವೂ ಬೆರೆತದ್ದು) ತೆಗೆದುಕೊಳ್ಳಿ. ಆದರೆ ಇಬ್ಬರಿಗೂ ಒಂದೇ ಅಳತೆಯದು ಬೇಡ.

ನಮ್ಮ ಅಂಗಡಿಗಳಲ್ಲಿ "26 ಇಂಚು" ಅಂದರೆ ಅದು ಚಕ್ರದ ಅಳತೆ. ಸೈಕಲ್ ನಿಮ್ಮ ಮೈಗೆ ಹೊಂದುತ್ತದೋ ಇಲ್ಲವೋ ಎಂದು ತೀರ್ಮಾನ ಮಾಡುವುದು ಚಕ್ರವಲ್ಲ, ಫ್ರೇಮಿನ ಅಳತೆ. ಅದೇ 26 ಇಂಚಿನ ಚಕ್ರದ ಮೇಲೆ 15 ಇಂಚಿನ ಫ್ರೇಮೂ ಬರುತ್ತದೆ, 19 ಇಂಚಿನದೂ ಬರುತ್ತದೆ. ನಿಮ್ಮ ಎತ್ತರಕ್ಕೆ 18 ಇಂಚಿನ ಆಸುಪಾಸು, ನಿಮ್ಮ ಮನೆಯವರಿಗೆ 15 ಅಥವಾ 16 ಇಂಚು ಕೇಳಿ. ಕೆಲವು ಕಂಪನಿಗಳು ಇಂಚಿನ ಬದಲು ಎಂ, ಎಸ್ ಎಂದು ನಮೂದಿಸುತ್ತವೆ. ಒಂದು ಕಂಪನಿಯ ಎಂ ಇನ್ನೊಂದರ ಎಸ್‌ಗೆ ಸಮವಾಗಿರುವುದೂ ಉಂಟು, ಹಾಗಾಗಿ ಅಕ್ಷರವನ್ನಷ್ಟೇ ನಂಬಿ ದುಡ್ಡು ಕೊಡಬೇಡಿ.

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಅಳತೆ ತೆಗೆಯಿರಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ಎರಡು ಕಾಲಿನ ನಡುವೆ, ಸೀಟಿನ ಮೇಲೆ ಕೂತಾಗ ಆಗುವಷ್ಟು ಒತ್ತಡ ಬರುವಂತೆ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲದವರೆಗಿನ ಉದ್ದವೇ ನಿಮ್ಮ ಒಳಗಾಲಿನ ಅಳತೆ. ಫ್ರೇಮಿನ ಮೇಲಿನ ಬಾರ್ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಟೇಪು ಹಿಡಿದು ನೋಡಿ. ಅದು ಒಳಗಾಲಿನ ಅಳತೆಗಿಂತ ಕನಿಷ್ಠ 3 ಸೆಂಟಿಮೀಟರ್ ಕೆಳಗಿರಬೇಕು. ಸೀರೆ, ಚೂಡಿದಾರ ಉಡುವವರಿಗೆ, ಮೊಣಕಾಲು ಎತ್ತಿ ಹಾಕಲು ಕಷ್ಟವಾಗುವ ಹಿರಿಯರಿಗೆ ಬಾರ್ ಕೆಳಗೆ ಬಾಗಿರುವ ಲೇಡೀಸ್ ಫ್ರೇಮೇ ವಾಸಿ. ಗಂಡಸರು ಅದನ್ನು ಓಡಿಸಬಾರದೆಂದೇನೂ ಇಲ್ಲ.

ಇನ್ನು ಶಾಕ್ ಅಬ್ಸಾರ್ಬರ್. ಅಗ್ಗದ ಸೈಕಲ್ಲಿನ ಮುಂದಿನ ಶಾಕ್‌ನಲ್ಲಿ ಇರುವುದು ಬರೀ ಒಂದು ಸ್ಪ್ರಿಂಗು. ಸಣ್ಣ ಪುಟ್ಟ ಅದುರನ್ನು ಅದು ಹೀರುವುದಿಲ್ಲ, ದೊಡ್ಡ ಗುಂಡಿಗೆ ಬಿದ್ದಾಗ ತಳ ಮುಟ್ಟಿ ಟಕ್ಕೆನ್ನುತ್ತದೆ. ಮುಂಚಕ್ರವನ್ನು ಹಿಡಿದಿರುವ ಸಾದಾ ಫೋರ್ಕ್‌ಗಿಂತ ಒಂದು ಕಿಲೋ ಅಥವಾ ಅದಕ್ಕೂ ಹೆಚ್ಚು ಭಾರ ಬೇರೆ. ಹಿಂದಿನ ಶಾಕ್ ಇನ್ನೂ ತೊಂದರೆ: ನೀವು ಪೆಡಲ್ ತುಳಿದಾಗಲೆಲ್ಲ ಸೈಕಲ್ ಕುಪ್ಪಳಿಸುತ್ತದೆ, ಚಕ್ರಕ್ಕೆ ಹೋಗಬೇಕಾದ ಬಲದಲ್ಲಿ ಒಂದಿಷ್ಟು ಸ್ಪ್ರಿಂಗಿಗೆ ಹೋಗುತ್ತದೆ. ಅದರ ಮೇಲೆ ಕ್ಯಾರಿಯರ್ ಸರಿಯಾಗಿ ಕೂರುವುದೂ ಇಲ್ಲ.

ನಿಜವಾದ ಮೆತ್ತನೆ ಇರುವುದು ಟೈರಿನಲ್ಲಿ. 700 ಅಳತೆಯ ಚಕ್ರವಾದರೆ 35ರಿಂದ 42 ಮಿಲಿಮೀಟರ್ ಅಗಲದ ಟೈರು ಆರಿಸಿ. 26 ಇಂಚಾದರೆ 1.75 ಅಥವಾ 1.95. ಟೈರಿನ ಮೈಮೇಲೆ ಕಚ್ಚು ಕಚ್ಚಾದ ದೊಡ್ಡ ಗುಬಟುಗಳು ಬೇಡ, ಡಾಂಬರಿನ ಮೇಲೆ ಅವು ಗುರ್ರೆಂದು ಸದ್ದು ಮಾಡುತ್ತ ಎಳೆಯುತ್ತವೆ. 65 ಕಿಲೋ ತೂಕದವರು 700×38 ಟೈರಿಗೆ 45ರಿಂದ 50 ಪಿಎಸ್‌ಐ, 26×1.95ಕ್ಕೆ 35ರಿಂದ 40 ಪಿಎಸ್‌ಐ ಗಾಳಿ ಹಾಕಿದರೆ ಸಾಕು, ಹಿಂದಿನ ಚಕ್ರಕ್ಕೆ ಐದು ಹೆಚ್ಚು (ಪಿಎಸ್‌ಐ ಎಂದರೆ ಗಾಳಿಯ ಒತ್ತಡದ ಅಳತೆ). ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಕನಿಷ್ಠ, ಗರಿಷ್ಠ ಮಿತಿಯನ್ನು ಮೀರಬೇಡಿ. ಕಲ್ಲಿನ ಹಾಗೆ ಗಟ್ಟಿಯಾಗುವವರೆಗೆ ಗಾಳಿ ಹೊಡೆಸಿ "ಸೈಕಲ್ ಕುಲುಕುತ್ತದೆ" ಎನ್ನುವವರು ಬಹಳ. ತೀರಾ ಕಡಿಮೆಯಾದರೂ ತೊಂದರೆ: ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಚಿವುಟಿಕೊಂಡು ಅಕ್ಕಪಕ್ಕ ಎರಡು ಸೀಳು ಬೀಳುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬು ಬಿಚ್ಚಿದಾಗ ಜೋಡಿ ತೂತು ಕಂಡರೆ, ಮುಳ್ಳು ಹುಡುಕಬೇಡಿ, ಗಾಳಿ ಕಡಿಮೆಯಾಗಿತ್ತೆಂದೇ ತಿಳಿಯಿರಿ. ಗೇಜ್ ಇರುವ ನೆಲಪಂಪೊಂದು ಮನೆಯಲ್ಲಿರಲಿ, ಹದಿನೈದು ದಿನಕ್ಕೊಮ್ಮೆ ನೋಡಿ.

ಗೇರು? ಮೈಸೂರಿನ ರಸ್ತೆಗಳಿಗೆ ಹಿಂದೆ ಏಳು, ಮುಂದೆ ಒಂದೇ ಹಲ್ಲುಚಕ್ರ ಇದ್ದರೆ ಧಾರಾಳ. 21 ಗೇರಿನಲ್ಲಿ ಎಷ್ಟೋ ಒಂದರ ಮೇಲೊಂದು ಬೀಳುತ್ತವೆ, ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ದಾಟಿಸುವ ಮುಂದಿನ ಡಿರೇಲರ್ ಹೊಂದಿಸುವುದೇ ಒಂದು ಕೆಲಸವಾಗುತ್ತದೆ. ಭಾನುವಾರದ ಸುತ್ತಾಟದಲ್ಲಿ ಚಾಮುಂಡಿ ಬೆಟ್ಟವನ್ನೂ ಹತ್ತುವ ಇರಾದೆ ಇದ್ದರೆ ಮಾತ್ರ ಮುಂದೆಯೂ ಮೂರು ಇರಲಿ.

ಅಗ್ಗದ ಡಿಸ್ಕ್ ಬ್ರೇಕ್‌ಗಿಂತ ರಿಮ್ಮನ್ನು ರಬ್ಬರಿನಿಂದ ಒತ್ತಿ ಹಿಡಿಯುವ ಒಳ್ಳೆಯ ವಿ-ಬ್ರೇಕ್ ಮೇಲು. ಡಿಸ್ಕಿನ ತಟ್ಟೆ ಕೊಂಚ ಬಾಗಿದರೂ ಉಜ್ಜುತ್ತಲೇ ಇರುತ್ತದೆ. ವಿ-ಬ್ರೇಕಿನ ರಬ್ಬರು ಯಾವ ಬೀದಿಯಲ್ಲಾದರೂ ಸಿಗುತ್ತದೆ. ರಿಮ್ ಮಾತ್ರ ಅಲ್ಯೂಮಿನಿಯಮ್‌ನದೇ ಆಗಿರಲಿ. ಹೊಳೆಯುವ ಸ್ಟೀಲ್ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕ್ ಬಹುಮಟ್ಟಿಗೆ ಹಿಡಿಯುವುದೇ ಇಲ್ಲ, ಇದು ಮಕ್ಕಳ ಜೊತೆ ಹೋಗುವವರಿಗೆ ಸಣ್ಣ ವಿಷಯವಲ್ಲ.

ಪ್ರಶ್ನೆ: ವಯಸ್ಸು 48. ಹೋದ ತಿಂಗಳು ಸೈಕಲ್ ತೆಗೆದುಕೊಂಡೆ. ಅರ್ಧ ಗಂಟೆಗೇ ಕೂರುವ ಜಾಗ ನೋಯುತ್ತದೆ, ಮಣಿಕಟ್ಟು ಜೋಮು ಹಿಡಿಯುತ್ತದೆ, ಮೊಣಕಾಲಿನ ಮುಂಭಾಗ ನೋವು. ಜೆಲ್ ಸೀಟ್ ಕವರ್ ಹಾಕಿದ ಮೇಲೆ ಇನ್ನೂ ಜಾಸ್ತಿಯಾಗಿದೆ. ಸೈಕಲ್ ಬದಲಾಯಿಸಬೇಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಬದಲಾಯಿಸುವ ಮೊದಲು ಒಂದು ಗಂಟೆ ಬಿಡುವು ಮಾಡಿಕೊಂಡು ಮೂರು ಜಾಗ ಸರಿಮಾಡಿ ನೋಡಿ.

ಮೊಣಕಾಲಿನ ಮುಂಭಾಗ ನೋಯುತ್ತಿದೆ ಎಂದರೆ ಹೆಚ್ಚಾಗಿ ಸೀಟು ತಗ್ಗಿದೆ. ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕೆಂದು ಸೀಟನ್ನು ಇಳಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಹಾಗೆ ಇಳಿಸಿದರೆ ಪ್ರತಿ ತುಳಿತಕ್ಕೂ ಮೊಣಕಾಲು ಅತಿಯಾಗಿ ಮಡಚಿ, ಮಂಡಿಚಿಪ್ಪಿನ ಮೇಲೆ ಭಾರ ಬೀಳುತ್ತದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲನ್ನು ಅತಿ ಕೆಳಕ್ಕೆ ತಂದು ಹಿಮ್ಮಡಿ ಅದರ ಮೇಲಿಡಿ. ಕಾಲು ನೇರವಾಗಬೇಕು, ಸೊಂಟ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮೊಣಕಾಲಲ್ಲಿ ಸಣ್ಣ ಬಾಗು ಉಳಿಯುತ್ತದೆ, ಅದೇ ಹದ. ಭಯವಿದ್ದರೆ ಮೊದಲು ಎರಡು ಸೆಂಟಿಮೀಟರ್ ಕಡಿಮೆ ಇಟ್ಟು ವಾರಕ್ಕಿಷ್ಟು ಏರಿಸಿ. ನಿಲ್ಲಿಸುವಾಗ ಸೀಟಿನಲ್ಲೇ ಕೂತು ಕಾಲು ಊರಬೇಡಿ, ಸೀಟಿನಿಂದ ಮುಂದಕ್ಕೆ ಜಾರಿ ನೆಲಕ್ಕೆ ಇಳಿಯುವುದನ್ನು ರೂಢಿ ಮಾಡಿಕೊಳ್ಳಿ. ಮೊಣಕಾಲಿನ ಹಿಂಭಾಗ ನೋಯತೊಡಗಿದರೆ ಏರಿಸಿದ್ದು ಹೆಚ್ಚಾಯಿತು ಎಂದರ್ಥ. ಸೀಟಿನ ಪೈಪಿನ ಮೇಲೆ ಏರಿಕೆಯ ಮಿತಿ ತೋರುವ ಗೆರೆ ಇರುತ್ತದೆ, ಅದು ಹೊರಗೆ ಕಾಣುವಷ್ಟು ಎತ್ತರಕ್ಕೆ ಎಂದೂ ಎಳೆಯಬೇಡಿ.

ಮಣಿಕಟ್ಟಿನ ಜೋಮಿಗೆ ಕಾರಣ, ಮೈಭಾರ ಕೈಮೇಲೆ ಬೀಳುತ್ತಿರುವುದು. ಸೀಟಿನ ಮೂತಿ ಕೆಳಮುಖವಾಗಿದೆಯೇ ನೋಡಿ, ಉದ್ದನೆಯ ಸ್ಕೇಲನ್ನು ಸೀಟಿನ ಮೇಲಿಟ್ಟರೆ ಗೊತ್ತಾಗುತ್ತದೆ. ಸಮತಟ್ಟಾಗಿಸಿ. ನಂತರ ಹ್ಯಾಂಡಲ್ಲನ್ನು ಸೀಟಿನಷ್ಟೇ ಅಥವಾ ಎರಡು ಮೂರು ಸೆಂಟಿಮೀಟರ್ ಎತ್ತರಕ್ಕೆ ತನ್ನಿ. ಹ್ಯಾಂಡಲ್ಲಿನ ಕಂಬ ಫೋರ್ಕಿನ ಒಳಗೆ ಇಳಿದಿರುವ ಹಳೆಯ ಬಗೆಯಾದರೆ ಮೇಲಿನ ಬೋಲ್ಟನ್ನು ಮೂರ್ನಾಲ್ಕು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ಬಡಿಯಿರಿ. ಒಳಗಿನ ಬಿರಡೆ ಬಿಟ್ಟುಕೊಂಡು ಕಂಬ ಮೇಲೇಳುತ್ತದೆ. ಇಲ್ಲೂ ಗೆರೆ ಮೀರಬಾರದು. ಹೊಸ ಬಗೆಯದಾದರೆ ಎತ್ತರಿಸುವ ಅಡಾಪ್ಟರ್ ಸಿಗುತ್ತದೆ, ಮೆಕ್ಯಾನಿಕ್ ಹಾಕಿಕೊಡುತ್ತಾರೆ. ಎತ್ತರಿಸಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಕೇಬಲ್ ಬಿಗಿಯುತ್ತಿಲ್ಲವಷ್ಟೇ ಎಂದು ಖಚಿತ ಮಾಡಿಕೊಳ್ಳಿ.

ಜೆಲ್ ಕವರನ್ನು ತೆಗೆದುಬಿಡಿ. ಮೈಭಾರ ಹೊರಬೇಕಾದದ್ದು ಕೂರುವ ಎರಡು ಮೂಳೆಗಳು. ತುಂಬಾ ಮೆತ್ತಗಿನ ಕವರಿನಲ್ಲಿ ಆ ಮೂಳೆಗಳು ಹುದುಗಿ, ನಡುವಿನ ಮೃದು ಭಾಗದ ಮೇಲೆ ಒತ್ತಡ ಬರುತ್ತದೆ, ನೋವು ಹೆಚ್ಚಾಗಿದ್ದು ಅದಕ್ಕೇ. ಸೀಟಿನ ಅಗಲ ಸಾಲುತ್ತದೆಯೇ ಎಂದು ನೋಡುವ ಒಂದು ಉಪಾಯವಿದೆ. ಪಾರ್ಸೆಲ್ ಡಬ್ಬಿಯ ಸುಕ್ಕುರಟ್ಟನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು, ಬೆನ್ನು ನೇರವಾಗಿರಿಸಿ ಹತ್ತು ನಿಮಿಷ ಕೂರಿ. ಎದ್ದ ಮೇಲೆ ರಟ್ಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಎರಡು ತಗ್ಗು ಕಾಣುತ್ತವೆ. ಅವುಗಳ ನಡುವಿನಿಂದ ನಡುವಿಗೆ ಅಳೆದು, ನೇರ ಕೂತು ಓಡಿಸುವ ಸೈಕಲ್ಲಿಗೆ 3ರಿಂದ 5 ಸೆಂಟಿಮೀಟರ್ ಸೇರಿಸಿ. 12 ಸೆಂಟಿಮೀಟರ್ ಬಂತೆನ್ನಿ, ಸೀಟಿನ ಹಿಂಭಾಗ 15ಕ್ಕಿಂತ ಕಡಿಮೆ ಇರಬಾರದು. ಹೆಂಗಸರಲ್ಲಿ ಈ ಅಂತರ ಸಾಮಾನ್ಯವಾಗಿ ಹೆಚ್ಚು, ಗಂಡಸರ ಸೈಕಲ್ಲಿನ ಸಪೂರ ಸೀಟು ಅವರಿಗೆ ಚುಚ್ಚುವುದು ಸಹಜ. ಎಲ್ಲ ಸರಿಮಾಡಿದ ಮೇಲೂ ಮೊದಲ ಒಂದೆರಡು ವಾರ ಸ್ವಲ್ಪ ನೋವಿರುತ್ತದೆ. ಜೋಮು ಮಾತ್ರ ಇರಕೂಡದು. ಇದ್ದರೆ ಸೀಟು ಬದಲಿಸಿ, ಸೈಕಲ್ ಅಲ್ಲ.

ಪ್ರಶ್ನೆ: ಮಗಳಿಗೆ ಆರು ವರ್ಷ. ಇನ್ನೂ ನಾಲ್ಕು ವರ್ಷ ಬರಲಿ ಎಂದು ದೊಡ್ಡ ಸೈಕಲ್ ಕೊಡಿಸಿ ಪಕ್ಕದ ಚಕ್ರ ಹಾಕಿಸಿದರೆ ಆಗುವುದಿಲ್ಲವೇ?
– ಓದುಗರೊಬ್ಬರು, ತುಮಕೂರು

ಉತ್ತರ: ದಯವಿಟ್ಟು ಬೇಡ. ದೊಡ್ಡ ಸೈಕಲ್ಲಿನಲ್ಲಿ ಮಗುವಿಗೆ ನೆಲ ಎಟುಕುವುದಿಲ್ಲ, ಬ್ರೇಕಿನ ಹಿಡಿಗೆ ಬೆರಳು ಎಟುಕುವುದಿಲ್ಲ. ಎರಡು ನಂಬರ್ ದೊಡ್ಡ ಚಪ್ಪಲಿ ಕೊಡಿಸಿದ ಹಾಗಲ್ಲ ಇದು, ಬಿದ್ದರೆ ಮತ್ತೆ ಹತ್ತಲು ಮಗು ಒಪ್ಪುವುದಿಲ್ಲ. ಆರು ವರ್ಷಕ್ಕೆ 16 ಇಂಚಿನ ಚಕ್ರ, ಉದ್ದನೆಯ ಮಗುವಾದರೆ 20 ಇಂಚಿನ ಸಣ್ಣ ಫ್ರೇಮು. ಸೀಟನ್ನು ಪೂರ್ತಿ ಇಳಿಸಿದಾಗ ಅದರ ಎತ್ತರ ಮಗುವಿನ ಒಳಗಾಲಿನ ಅಳತೆಗಿಂತ ಹೆಚ್ಚಿರಕೂಡದು. ಕೈಯಲ್ಲಿ ಎತ್ತಿಯೂ ನೋಡಿ: ಉಕ್ಕಿನ ದಪ್ಪ ಪೈಪು, ಡಮ್ಮಿ ಶಾಕ್ ಇರುವವು ಮಗುವಿನ ಅರ್ಧ ತೂಕ ಇರುತ್ತವೆ. ಟೈರಿಗೆ 25ರಿಂದ 30 ಪಿಎಸ್‌ಐ ಸಾಕು.

ಪಕ್ಕದ ಚಕ್ರದ ತೊಂದರೆ ಎಂದರೆ ತಿರುವಿನಲ್ಲಿ ಸೈಕಲ್ ವಾಲಲು ಅವು ಬಿಡುವುದಿಲ್ಲ. ಸಮತೋಲನ ಕಲಿಯುವುದೇ ವಾಲಿಸಿ. ಅವುಗಳ ಬದಲು ಪೆಡಲ್ ಎರಡನ್ನೂ ಬಿಚ್ಚಿ. 15ರ ಸ್ಪ್ಯಾನರ್ ಬೇಕು. ಬಲ ಪೆಡಲ್ ಮಾಮೂಲಿನಂತೆ ಗಡಿಯಾರದ ಎದುರು ದಿಕ್ಕಿಗೆ ಬಿಚ್ಚುತ್ತದೆ, ಎಡ ಪೆಡಲಿನ ಮರೆ (ತಿರುಪಿನ ಸುತ್ತು) ಉಲ್ಟಾ, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಸೀಟು ಇಳಿಸಿ, ಎರಡೂ ಪಾದ ಊರಿಕೊಂಡು ಮಗು ಸೈಕಲ್ಲನ್ನು ತಳ್ಳಿಕೊಂಡು ಓಡಾಡಲಿ. ಕೊಂಚ ಇಳಿಜಾರಿನ ಮೈದಾನ ಒಳ್ಳೆಯದು. ಕಾಲು ಎತ್ತಿ ಹತ್ತಾರು ಮೀಟರ್ ಹಾಗೇ ಸಾಗುವುದು ಬಂತೆಂದರೆ ಪೆಡಲಿನ ಮರೆಗೆ ಗ್ರೀಸ್ ಸವರಿ ಮತ್ತೆ ಹಾಕಿ. ಹಿಡಿಯಬೇಕೆನಿಸಿದರೆ ಮಗುವಿನ ಬೆನ್ನನ್ನೋ ಕಂಕುಳನ್ನೋ ಹಿಡಿಯಿರಿ, ಹ್ಯಾಂಡಲ್ ಹಿಡಿಯಬೇಡಿ. ಹಲವು ಬ್ರೇಕ್ ಹಿಡಿಗಳಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಅದನ್ನು ಒಳಕ್ಕೆ ತಿರುಗಿಸಿದರೆ ಹಿಡಿ ಬೆರಳಿಗೆ ಹತ್ತಿರ ಬರುತ್ತದೆ.

ಪ್ರಶ್ನೆ: ಮೂರು ವರ್ಷದ ಮಗನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬರೀ ಕ್ಯಾರಿಯರ್ ಮೇಲೆ ಕೂಡದು. ನೇತಾಡುವ ಕಾಲು ಹಿಂಚಕ್ರದ ಕಡ್ಡಿಗೆ ಸಿಕ್ಕಿ ಹಿಮ್ಮಡಿ ಸೀಳುವುದು ತೀರಾ ಸಾಮಾನ್ಯವಾದ ಗಾಯ. ಬೆನ್ನೊರಗು, ಭುಜದ ಬೆಲ್ಟು, ಪಾದ ಕಟ್ಟುವ ತೊಟ್ಟಿಲು ಇರುವ ಮಕ್ಕಳ ಸೀಟನ್ನೇ ಹಾಕಿಸಿ. ಇಂಥ ಸೀಟುಗಳು ಸಾಮಾನ್ಯವಾಗಿ 22 ಕಿಲೋವರೆಗಿನ ಮಕ್ಕಳಿಗೆ. ಕ್ಯಾರಿಯರ್‌ಗೆ ಬಿಗಿಯುವ ಬಗೆಯಾದರೆ ಸೀಟು ಮತ್ತು ಮಗು ಸೇರಿದ ತೂಕವನ್ನು ಕ್ಯಾರಿಯರ್ ಮೇಲೆ ನಮೂದಿಸಿದ ಮಿತಿಗೆ ಹೋಲಿಸಿ. ನಿಮ್ಮ ಸೀಟಿನ ಅಡಿ ಸ್ಪ್ರಿಂಗ್ ಇದ್ದರೆ ಮುಚ್ಚಿಸಿ, ಹಿಂದೆ ಕೂತ ಮಗು ಅದರೊಳಗೆ ಬೆರಳು ತೂರಿಸುತ್ತದೆ. ಒಂಟಿ ಸ್ಟ್ಯಾಂಡ್ ಸಾಲದು, ಜೋಡಿಗಾಲಿನ ಸ್ಟ್ಯಾಂಡ್ ಬೇಕು. ಅದಿದ್ದರೂ ಮಗು ಮೇಲಿರುವಾಗ ಸೈಕಲ್ಲಿಂದ ಕೈ ಬಿಡಬೇಡಿ. ಮಗುವಿಗೂ ನಿಮಗೂ ಇಎನ್ 1078 (ಯುರೋಪಿನ ಸೈಕಲ್ ಹೆಲ್ಮೆಟ್ ಸುರಕ್ಷತಾ ಮಾನದಂಡ) ಗುರುತಿನ ಹೆಲ್ಮೆಟ್ಟು, ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರುವಂತೆ.

ಪ್ರಶ್ನೆ: ನಮ್ಮಲ್ಲಿ ಏರು, ಮಳೆ, ತುಕ್ಕು ಮೂರೂ ಇವೆ. ಏನು ನೋಡಬೇಕು?
– ಓದುಗರೊಬ್ಬರು, ಮಂಗಳೂರು

ಉತ್ತರ: ಬಾವುಟಗುಡ್ಡೆ, ಕದ್ರಿಯಂಥ ಏರಿಗೆ ಮುಂದೆ 28 ಹಲ್ಲು, ಹಿಂದೆ 28 ಹಲ್ಲು ಸೇರುವ ಗೇರ್ ಇರಲಿ. ಒಂದು ಸುತ್ತು ತುಳಿದರೆ ಚಕ್ರ ಒಂದೇ ಸುತ್ತು ಹೋಗುತ್ತದೆ, ಕೂತೇ ಹತ್ತಬಹುದು. ಸ್ಟೇನ್‌ಲೆಸ್ ಕಡ್ಡಿ, ಪೂರ್ತಿ ಮಡ್‌ಗಾರ್ಡ್ ಕೇಳಿ. ಮಳೆಯಲ್ಲಿ ಹೋಗಿಬಂದ ದಿನವೇ ಚೈನ್ ಒರೆಸಿ, ಪ್ರತಿ ಕೊಂಡಿಗೆ ಒಂದು ಹನಿ ಚೈನ್ ಆಯಿಲ್ ಬಿಟ್ಟು, ಹೊರಗಿನ ಎಣ್ಣೆಯನ್ನು ಬಟ್ಟೆಯಿಂದ ತೆಗೆಯಿರಿ. ಕೊಬ್ಬರಿ ಎಣ್ಣೆ ಹಾಕಬೇಡಿ, ಧೂಳು ಸೇರಿ ಅಂಟಾಗುತ್ತದೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಸೈಕಲ್ ಡಬ್ಬಿಯಲ್ಲಿ ಬಂದಿದೆ. ನಾವೇ ಜೋಡಿಸಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಜೋಡಿಸಬಹುದು. ಆದರೆ ಪದೇ ಪದೇ ಆಗುವ ಎರಡು ತಪ್ಪುಗಳನ್ನು ನೋಡಿಕೊಳ್ಳಿ. ಒಂದು, ಫೋರ್ಕ್ ಹಿಂದುಮುಂದಾಗಿ ಕೂರುವುದು. ವಿ-ಬ್ರೇಕ್ ಇರುವ ಸೈಕಲ್ಲಾದರೆ ಮುಂದಿನ ಬ್ರೇಕ್ ಫೋರ್ಕಿನ ಮುಂಭಾಗಕ್ಕೆ ಇರಬೇಕು, ಫೋರ್ಕಿನ ತುದಿಗಳು ಮುಂದಕ್ಕೆ ಬಾಗಿರಬೇಕು. ವಿ-ಬ್ರೇಕ್ ಫ್ರೇಮಿನ ಕಡೆಗಿದ್ದರೆ ಬಿಚ್ಚಿ ತಿರುಗಿಸಿ, ಇಲ್ಲದಿದ್ದರೆ ತಿರುವಿನಲ್ಲಿ ಪಾದ ಚಕ್ರಕ್ಕೆ ತಾಗುತ್ತದೆ, ಹ್ಯಾಂಡಲ್ ನಿಲ್ಲುವುದಿಲ್ಲ. ಇನ್ನೊಂದು, ಎಡ ಪೆಡಲನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿ ಬಲವಂತವಾಗಿ ಕೂರಿಸುವುದು. ಪೆಡಲಿನ ಮೇಲೆ ಎಲ್, ಆರ್ ಎಂದು ಅಚ್ಚಾಗಿರುತ್ತದೆ. ಮೊದಲ ಮೂರ್ನಾಲ್ಕು ಸುತ್ತು ಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ಸ್ಪ್ಯಾನರ್ ಮುಟ್ಟಬೇಡಿ, ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಮರೆ ಹಾಳಾದರೆ ಕ್ರ್ಯಾಂಕನ್ನೇ ಬದಲಿಸಬೇಕು.

ಜೋಡಿಸಿದ ಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ. ಹ್ಯಾಂಡಲ್ ಬುಡದಲ್ಲಿ ಟಿಕ್ ಎಂದರೆ ಹೆಡ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಸಡಿಲ. ನಮ್ಮಲ್ಲಿ ಬಲಗೈ ಹಿಡಿ ಸಾಮಾನ್ಯವಾಗಿ ಮುಂದಿನ ಬ್ರೇಕು, ಮನೆಯ ಎಲ್ಲ ಸೈಕಲ್ಲುಗಳಲ್ಲೂ ಹಾಗೇ ಇರಲಿ. ಗೇರಿಲ್ಲದ ಸೈಕಲ್ಲಾದರೆ ಚೈನನ್ನು ನಡುವೆ ಒತ್ತಿದಾಗ ಸುಮಾರು ಒಂದು ಸೆಂಟಿಮೀಟರ್ ತಗ್ಗಬೇಕು. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಮೆಕ್ಯಾನಿಕ್ ಹತ್ತಿರ ಒಯ್ದು ಕೇಬಲ್ ಬಿಗಿಸಿ, ಕಡ್ಡಿಗಳನ್ನು ನೋಡಿಸಿ, ಎಡ ಕ್ರ್ಯಾಂಕಿನ ಬೋಲ್ಟನ್ನು ಮರೆಯದೆ ಗಟ್ಟಿ ಮಾಡಿಸಿ. ಹೊಸ ಸೈಕಲ್ಲಿನಲ್ಲಿ ಸಡಿಲವಾಗುವುದರಲ್ಲಿ ಅದು ಸಾಮಾನ್ಯವಾಗಿ ಮೊದಲನೆಯದು.