‘ಕಾಸಾಬ್ಲಾಂಕಾ’ ಚಿತ್ರದಲ್ಲಿ ಹಾಡಿನ ಪೈಪೋಟಿಯ ದೃಶ್ಯಕ್ಕೆ ಅಷ್ಟೊಂದು ಹೆಸರು ಏಕೆ?

ಮುಖ್ಯ ಕಾರಣ, ಆ ದೃಶ್ಯದಲ್ಲಿರುವ ಹಲವರು ನಿಜಕ್ಕೂ ನಾಜಿಗಳಿಂದ ತಪ್ಪಿಸಿಕೊಂಡು ಬಂದವರು.

1942ರ ಈ ಹಾಲಿವುಡ್ ಚಿತ್ರದಲ್ಲಿ, ಆಗ ಫ್ರೆಂಚರ ಹಿಡಿತದಲ್ಲಿದ್ದ ಮೊರಾಕೊದ ಕಾಸಾಬ್ಲಾಂಕಾ ನಗರದಲ್ಲಿರುವ ರಿಕ್‌ನ ಕೆಫೆಯಲ್ಲಿ ಜರ್ಮನ್ ಅಧಿಕಾರಿಗಳು ಪಿಯಾನೊ ಸುತ್ತ ನಿಂತು ತಮ್ಮ ದೇಶಭಕ್ತಿಗೀತೆ ಹಾಡುತ್ತಿರುತ್ತಾರೆ. ನಾಜಿ ವಿರೋಧಿ ಹೋರಾಟಗಾರ ವಿಕ್ಟರ್ ಲಾಸ್ಲೊ ನೇರವಾಗಿ ವಾದ್ಯವೃಂದದ ಬಳಿ ಹೋಗಿ ಫ್ರಾನ್ಸಿನ ರಾಷ್ಟ್ರಗೀತೆ ನುಡಿಸಲು ಹೇಳುತ್ತಾನೆ. ವಾದಕರು ಮಾಲೀಕನತ್ತ ನೋಡುತ್ತಾರೆ. ಅಲ್ಲಿಯವರೆಗೆ ಯಾರ ತಂಟೆಯೂ ಬೇಡವೆಂದಿದ್ದ ರಿಕ್, ಅಂದರೆ ನಟ ಹಂಫ್ರಿ ಬೊಗಾರ್ಟ್, ಸುಮ್ಮನೆ ಸಮ್ಮತಿಸಿ ತಲೆಯಾಡಿಸುತ್ತಾನೆ. ಇಡೀ ಕೆಫೆ ದನಿಗೂಡಿಸಿ, ಜರ್ಮನ್ನರ ಹಾಡು ಅಡಗಿಹೋಗುತ್ತದೆ. ನನ್ನ ಮಟ್ಟಿಗೆ ಇಡೀ ಚಿತ್ರ ಹೊರಳುವುದು ಅಲ್ಲೇ.

ಆಗ ಕಣ್ತುಂಬಿಕೊಂಡು ಹಾಡುವ ನಟಿ ಮದಲೇನ್ ಲೆಬೋ, 1940ರಲ್ಲಿ ಜರ್ಮನ್ ಸೇನೆ ನುಗ್ಗುವ ಮುನ್ನ ಪತಿ ಮಾರ್ಸೆಲ್ ಡಾಲಿಯೊ ಜೊತೆ ಪ್ಯಾರಿಸ್ ಬಿಟ್ಟವರು. ಯಹೂದಿಯಾದ ಡಾಲಿಯೊ ಇದೇ ಚಿತ್ರದಲ್ಲಿ ಜೂಜಿನ ಮೇಜು ನಡೆಸುವ ಎಮಿಲ್. ವಿಚಿತ್ರವೆಂದರೆ, ನಾಜಿ ಮೇಜರ್ ಆಗಿ ಗತ್ತು ತೋರಿಸುವ ಕಾನ್ರಾಡ್ ಫೈಟ್ ಕೂಡ 1933ರಲ್ಲೇ ಜರ್ಮನಿ ತೊರೆದವರು. ಅವರ ಪತ್ನಿ ಯಹೂದಿ.

ಹಾಡು ಮುಗಿದದ್ದೇ ತಡ, ಮೇಜರ್‌ನ ಅಪ್ಪಣೆಯಂತೆ ಪೊಲೀಸ್ ಮುಖ್ಯಸ್ಥ ರೆನೋ ಕೆಫೆ ಮುಚ್ಚಿಸುತ್ತಾನೆ. ಕಾರಣ ಕೇಳಿದರೆ, ಇಲ್ಲಿ ಜೂಜು ನಡೆಯುತ್ತಿರುವುದನ್ನು ಕಂಡು ದಂಗಾಗಿ ಹೋಗಿದ್ದೇನೆ ಎನ್ನುತ್ತಾನೆ! ಅಷ್ಟರಲ್ಲಿ ಕೆಫೆಯ ನೌಕರ ಬಂದು, ‘ನೀವು ಗೆದ್ದ ಹಣ, ಸರ್’ ಎಂದು ನೋಟುಗಳನ್ನು ಕೈಗಿಡುತ್ತಾನೆ. ರೆನೋ ಕಣ್ಣು ಮಿಟುಕಿಸದೆ ಪಡೆದುಕೊಳ್ಳುತ್ತಾನೆ. ಅಮೆರಿಕದಲ್ಲಿ ರಾಜಕಾರಣಿಗಳ ಸೋಗಲಾಡಿತನವನ್ನು ಕುಟುಕಲು ಇಂದಿಗೂ ರೆನೋನ ಆ ‘ದಂಗಾಗಿ ಹೋಗಿದ್ದೇನೆ’ ಎಂಬ ಮಾತನ್ನೇ ಎಳೆದು ತರುತ್ತಾರೆ.