ಓದುಗರ ಪ್ರಶ್ನೆ: ಕುಣಿತಕ್ಕೆ ಮೊದಲು ಕುರ್ಚಿ ನೋಡಿ

ಪ್ರಶ್ನೆ: ನಮ್ಮದು ಮಂಗಳೂರಿನ ಒಂಬತ್ತು ಮಂದಿಯ ಸಮಕಾಲೀನ ನೃತ್ಯ ತಂಡ. ಮೈ ನಡುಗಿಸಿ ಚಲನೆ ನಿಧಾನ ಮಾಡುವ ಪಾರ್ಕಿನ್‌ಸನ್ ಕಾಯಿಲೆಯ ಹಿರಿಯರಿಗೆಂದು ಶನಿವಾರ ಬೆಳಗ್ಗೆ ಎಂಟಕ್ಕೆ ಉಚಿತ ತರಗತಿ ಶುರುಮಾಡಿದೆವು. ಯಕ್ಷಗಾನದ ಹೆಜ್ಜೆಗಳನ್ನೂ ಸೇರಿಸಿದೆವು. ಮೊದಲ ದಿನ 14 ಜನ, ನಾಲ್ಕನೇ ವಾರಕ್ಕೆ ಐದೇ ಜನ. ಎಲ್ಲಿ ತಪ್ಪಿತು? – ನೃತ್ಯ ಶಿಕ್ಷಕಿ, ಕದ್ರಿ

ಉತ್ತರ: ಎಂಟು ಗಂಟೆಯಲ್ಲೇ ತಪ್ಪಿದೆ. ಈ ಕಾಯಿಲೆ ಇರುವ ಎಷ್ಟೋ ಮಂದಿಗೆ ಬೆಳಗ್ಗೆ ಮೈ ಮರಗಟ್ಟಿರುತ್ತದೆ. ಇದಕ್ಕೆ ಕೊಡುವ ಲೆವೊಡೋಪಾ ಮಾತ್ರೆ ಕೆಲಸ ಶುರುಮಾಡಲು ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಬೇಕು. ಪ್ರತಿಯೊಬ್ಬರ ಮಾತ್ರೆಯ ಹೊತ್ತನ್ನು ಮನೆಯವರಿಂದ ಕೇಳಿ ಬರೆದಿಟ್ಟುಕೊಳ್ಳಿ, ಹೆಚ್ಚಿನವರಿಗೆ ಹೊಂದುವ ಸಮಯ ಆರಿಸಿ. ಹನ್ನೊಂದು ಗಂಟೆ ಆಗಬಹುದು. ಕರೆತರುವವರಿಗೂ ಅದೇ ಅನುಕೂಲ.

ಇಂಥ ತರಗತಿಗೆ ಒಳ್ಳೆಯ ಮಾದರಿ ನ್ಯೂಯಾರ್ಕಿನ ಮಾರ್ಕ್ ಮಾರಿಸ್ ನೃತ್ಯ ತಂಡದ್ದು. ಬ್ರೂಕ್ಲಿನ್ನಿನ ಪಾರ್ಕಿನ್‌ಸನ್ ಗುಂಪೊಂದರ ಜೊತೆ 2001ರಲ್ಲಿ ಆರಂಭವಾಯಿತು. ಮೊದಲು ಕುರ್ಚಿಯಲ್ಲಿ ಕೂತು, ಆಮೇಲೆ ಆಸರೆ ಹಿಡಿದು ನಿಂತು, ಕೊನೆಗೆ ಹಾಲಿನ ಉದ್ದಕ್ಕೂ ನಡೆದು. ಒಂದೂಕಾಲು ಗಂಟೆಯಲ್ಲಿ ಅರ್ಧದಷ್ಟಾದರೂ ಕೂತೇ ಆಗಲಿ. ಕೂತವರನ್ನು ಥಟ್ಟನೆ ಎಬ್ಬಿಸಬೇಡಿ. ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ.

ಮದುವೆ ಹಾಲಿನ ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ. ಕೈ ಊರಿ ಏಳುವಾಗ ನುಣುಪು ಟೈಲ್ಸಿನ ಮೇಲೆ ಅದರ ಕಾಲು ಅಗಲಿಸಿಕೊಂಡು ಜಾರುತ್ತದೆ. ಕಾಲಿಗೆ ರಬ್ಬರ್ ಬುಷ್ ಇರುವ ಕಬ್ಬಿಣದ್ದೋ ಮರದ್ದೋ ತನ್ನಿ, ಬೆನ್ನನ್ನು ಗೋಡೆಗೆ ಒತ್ತಿಡಿ. ಮಳೆಗಾಲದಲ್ಲಿ ಬಾಗಿಲ ಹತ್ತಿರದ ನಾಲ್ಕಡಿ ನೆಲ ಯಾವಾಗಲೂ ಪಸೆ. ಅಲ್ಲಿ ಗೋಣಿ ಹಾಸಬೇಡಿ, ಕಾಲಿಗೆ ಸಿಕ್ಕುತ್ತದೆ. ಒರೆಸಿ ಒಣಗಿಸಿ.

ನಡೆಯುವಾಗ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಟ್ಟರೆ ಕೈ ಹಿಡಿದು ಎಳೆಯಬೇಡಿ. ನಿಲ್ಲಿಸಿ, ಭಾರವನ್ನು ಎಡಕ್ಕೆ ಬಲಕ್ಕೆ ತೂಗಿಸಿ, ಆಮೇಲೆ ಒಂದು ದೊಡ್ಡ ಹೆಜ್ಜೆ. ನೆಲದಲ್ಲಿ ಒಂದೂವರೆ ಅಡಿಗೊಂದು ಅಡ್ಡಗೆರೆ ಎಳೆದರೆ ಹಲವರು ಅದನ್ನು ದಾಟುವ ನೆಪದಲ್ಲಿ ಸರಾಗ ನಡೆಯುತ್ತಾರೆ. ಟೇಪ್ ನಮ್ಮ ತೇವಕ್ಕೆ ಅಂಚು ಬಿಟ್ಟು ಎಡವಿಸುತ್ತದೆ, ಸೀಮೆಸುಣ್ಣ ಸಾಕು. ತಿರುಗುವುದು ನಿಂತಲ್ಲೇ ಅಲ್ಲ, ಅಗಲವಾದ ಸುತ್ತಿನಲ್ಲಿ.

ಯಕ್ಷಗಾನ ತಂದದ್ದು ಒಳ್ಳೆಯದೇ, ಇಲ್ಲಿಯವರ ಕಿವಿಗೆ ಅದು ಹತ್ತಿರ. ಆದರೆ ತಾಳದ ವೇಗ ಏರಿಸುತ್ತಾ ಹೋಗುವ ಅಭ್ಯಾಸ ಬಿಡಿ. ಲಯ ಏರಿದಷ್ಟೂ ಇವರ ಹೆಜ್ಜೆ ಗಿಡ್ಡವಾಗಿ, ಓಡುವಂತಾಗಿ, ಮುಂದಕ್ಕೆ ಮುಗ್ಗರಿಸುತ್ತಾರೆ. ಒಂದೇ ವೇಗದ ಏಕತಾಳ, ಮದ್ದಳೆ ಮಾತ್ರ. ಮುಚ್ಚಿದ ಹಾಲಿನಲ್ಲಿ ಚೆಂಡೆ ಕಿವಿಗೆ ಜಾಸ್ತಿಯಾಯಿತು. (ಗಿರ್ರನೆ ಸುತ್ತುತ್ತಾ ಹಾರುವ ದೀಂಗಿಣದ ಯೋಚನೆ ಇದ್ದರೆ ಅದನ್ನು ನಿಮ್ಮ ರಂಗಪ್ರವೇಶಕ್ಕೆ ಇಟ್ಟುಕೊಳ್ಳಿ.) ನಿಂತು ಮಾಡುವಾಗ ಇಬ್ಬರಿಗೊಬ್ಬ ಸಹಾಯಕ, ಎದುರಲ್ಲ, ಪಕ್ಕದಲ್ಲಿ.

ಪೋಸ್ಟರಿನಲ್ಲಿ ‘ಚಿಕಿತ್ಸೆ’ ಎಂದು ಹಾಕಬೇಡಿ. ಇದು ನೃತ್ಯ ತರಗತಿ. ಬಿದ್ದ ಇತಿಹಾಸ ಇರುವವರು ವೈದ್ಯರನ್ನು ಕೇಳಿಯೇ ಬರಲಿ.

ಪ್ರಶ್ನೆ: ಉಡುಪಿಯ ಸರ್ಕಾರಿ ಶಾಲೆಯಲ್ಲಿ ಪ್ರಾತ್ಯಕ್ಷಿಕೆ ಕೊಡಬೇಕು. ಆಧುನಿಕ ನೃತ್ಯ ನೋಡಿ ಮಕ್ಕಳು ನಗುತ್ತಾರೆ. ಏನು ಮಾಡೋಣ? – ಕಲಾವಿದ, ಮಣಿಪಾಲ

ಉತ್ತರ: ನಗಲಿ ಬಿಡಿ. 40 ನಿಮಿಷದ ಪಿರಿಯಡ್ಡಿನಲ್ಲಿ ಐದು ನಿಮಿಷ ಕುಣಿದು, ಉಳಿದದ್ದರಲ್ಲಿ ಅವರನ್ನೇ ಕುಣಿಸಿ. ಬಲೆ ಎಳೆಯುವುದು, ನೇಜಿ (ಭತ್ತದ ಸಸಿ) ನೆಡುವುದು, ಬಸ್ಸಿನಲ್ಲಿ ಜೋತು ನಿಲ್ಲುವುದು: ಒಂದೊಂದನ್ನೂ ನಿಧಾನಿಸಿ, ದೊಡ್ಡದು ಮಾಡಿ, ತಿರುಗಿಸಿ ಎಂದರೆ ಸಾಕು. ಸಿಮೆಂಟು ಜಗಲಿಯಲ್ಲಿ ಹಾರಿಸಬೇಡಿ, ಮೊಣಕಾಲಿಗೆ ಪೆಟ್ಟು.